ನಂಜುಂಡಯ್ಯನವರ ಮುಖ

ಘಾಟ್ಕೋಪರಿನ ಆ ಮನೆಯೆಂದರೆ ಒಂದು ರೂಮು, ಒಂದು ಕಿಚನ್ನು, ಬಟ್ಟೆ ಒಣಗಿಸುವಷ್ಟು ಗ್ಯಾಲರಿ. ಗೋಡೆಗೆ ಜಾಗವೇ ಕಡಿಮೆ. ಇದ್ದುದರಲ್ಲಿ ಅರ್ಧವನ್ನು ನಂಜುಂಡಯ್ಯನವರು ತೆಗೆದುಕೊಂಡಿದ್ದರು. ಅವರು ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಗೋಡೆಯ ಮೇಲಿದ್ದದ್ದು ಮೈಸೂರಿನ ಸ್ಟುಡಿಯೋದಲ್ಲಿ ತೆಗೆಸಿದ ಫೋಟೋ. ತಲೆಯ ಮೇಲೆ ಜರಿಪೇಟ. ಪೇಟದಡಿಯಿಂದ ಹೊರಟ ಮುಖ ಯಾವ ಅವಸರವೂ ಇಲ್ಲದೆ ಇಳಿಯುತ್ತ ಇಳಿಯುತ್ತ ಕೋಟಿನ ಕಾಲರಿಗೆ ಬಂದು ನಿಲ್ಲುತ್ತಿತ್ತು. ನಡುವೆ ಪೊದೆಮೀಸೆ. ತುಟಿಗಳು ಒಂದಕ್ಕೊಂದು ಸೇರುತ್ತಿದ್ದವೋ ಇಲ್ಲವೋ, ಅದು ಆ ಮೀಸೆಗೆ ಮಾತ್ರ ಗೊತ್ತು.

"ದಿವಾನರ ಕಳೆ," ಎಂದು ಅವರ ಹೆಂಡತಿ ಅಲಮೇಲಮ್ಮ ಬಂದವರಿಗೆಲ್ಲ ತೋರಿಸುತ್ತಿದ್ದರು. ನಂಜುಂಡಯ್ಯನವರು ಇದ್ದದ್ದು ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿ. ಮುಖವೇನು ಹುದ್ದೆ ನೋಡಿಕೊಂಡು ಬರುತ್ತದೆಯೇ?

ಆ ಮುಖ ಮಗ ಕೇಶವಮೂರ್ತಿಯನ್ನು ಬಿಟ್ಟು ಮಗಳು ವಿಮಲಾಳಿಗೆ ಬಂದಿತ್ತು. ಪೇಟವಿಲ್ಲದೆ, ಮೀಸೆಯಿಲ್ಲದೆ ಬಂದಿತ್ತು. ನಕ್ಕರೆ ಒಸಡು ಪೂರ್ತಿ ಕಾಣುತ್ತಿತ್ತು. ನಗದಿದ್ದರೂ ತುಟಿಗಳ ನಡುವೆ ಒಂದು ಸಂದು ಇದ್ದೇ ಇರುತ್ತಿತ್ತು. ಬಲವಂತವಾಗಿ ಸೇರಿಸಿದರೆ ಗಲ್ಲದ ಚರ್ಮ ನಿಂಬೆಹಣ್ಣಿನ ಸಿಪ್ಪೆಯ ಹಾಗೆ ಸುಕ್ಕಾಗುತ್ತಿತ್ತು. "ಬಾಯಿ ಮುಚ್ಕೊಂಡಿರೇ" ಎಂದು ಚಿಕ್ಕಂದಿನಿಂದ ಎಲ್ಲರೂ ಹೇಳುತ್ತ ಬಂದಿದ್ದರು. ವಿಮಲಾ ಅವರ ಮಾತಿಗೆ ಬೆಲೆಕೊಟ್ಟು ಮಾತಾಡುವುದನ್ನೇ ನಿಲ್ಲಿಸಿದ್ದಳು. ಬಾಯಿ ಮಾತ್ರ ಮುಚ್ಚಿರಲಿಲ್ಲ.

ಅಪ್ಪ ತೀರಿಕೊಂಡ ವರ್ಷ ಒಂಬತ್ತನೇ ತರಗತಿಗೆ ಶಾಲೆ ಬಿಟ್ಟು, ಅಮ್ಮನ ಜೊತೆ ಅಣ್ಣನ ಮನೆಗೆ ಬಂದವಳು ಅವಳು. ಈಗ ಇಪ್ಪತ್ತನಾಲ್ಕು. ಅಡುಗೆ, ಬಟ್ಟೆ, ಅಮ್ಮನ ಮಡಿ ಎಲ್ಲ ಅವಳದೇ. ಆಗಾಗ ಗಂಡಿನ ಕಡೆಯವರು ಬರುತ್ತಿದ್ದರು. ಅವಳು ಮಾಡಿದ ಉಪ್ಪಿಟ್ಟನ್ನು ಹೊಗಳಿ ತಿಂದು, "ಕಾಗದ ಬರೀತೀವಿ" ಎಂದು ಹೇಳಿ ಹೋಗುತ್ತಿದ್ದರು. ಮನೆಯವರಿಗೆ ಅಂಚೆ ಇಲಾಖೆಯ ಮೇಲೆಯೇ ನಂಬಿಕೆ ಹೋಗಿತ್ತು.

ಈಗ ಅದೇ ಮುಖ ಕೇಶವಮೂರ್ತಿಯ ಮಗಳು ರೋಹಿಣಿಗೆ ಕಂತಿನ ಮೇಲೆ ಬರತೊಡಗಿತ್ತು. ಮೊದಲು ಗಮನಿಸಿದವಳು ವಿಮಲಾ. ಹನ್ನೆರಡರ ಆ ಹುಡುಗಿ ಬ್ರೆಡ್ಡನ್ನು ಮುಂದಿನ ಹಲ್ಲಿನಿಂದ ಕಚ್ಚುತ್ತಿರಲಿಲ್ಲ; ಓರೆಯಾಗಿಟ್ಟುಕೊಂಡು ದವಡೆಯಿಂದ ಹರಿಯುತ್ತಿದ್ದಳು. ಹಿಂದಿನ ಹಲ್ಲು ಕೂಡಿದರೂ ಮುಂದಿನ ಹಲ್ಲುಗಳು ತಾಗುತ್ತಲೇ ಇರಲಿಲ್ಲ. ಹೂ ಕಟ್ಟುವಾಗ ದಾರ ಕಡಿಯಲು ವಿಮಲಾ, ರೋಹಿಣಿ ಇಬ್ಬರಿಗೂ ಬ್ಲೇಡು ಬೇಕು. "ಒಂದು ದಾರ ಕಡಿಯೋಕಾಗದ ಹಲ್ಲು ಯಾಕೆ ಇಟ್ಕೊಂಡಿದ್ದೀರೋ," ಎಂದು ಅಲಮೇಲಮ್ಮ ನಗುತ್ತಿದ್ದರು.

ಎಂಬತ್ತೇಳನೇ ಇಸವಿಯ ಜೂನಿನಲ್ಲಿ ಶಾಲೆಯಲ್ಲಿ ಹಲ್ಲಿನ ತಪಾಸಣೆ ಆಯಿತು. ತಡಮಾಡದೆ ಹಲ್ಲು ಸರಿಪಡಿಸುವ ತಜ್ಞರಿಗೆ ತೋರಿಸಿ ಎಂದು ಹೇಳಿ ಕಳುಹಿಸಿದರು.

ಅದಕ್ಕೂ ಮೊದಲು, ಮೇ ರಜದಲ್ಲಿ, ಇನ್ನೊಂದು ಸಂಗತಿ ನಡೆದಿತ್ತು. ರೋಹಿಣಿ ಮೈನೆರೆದಿದ್ದಳು. ಬಚ್ಚಲಿನಿಂದ ಅವಳು ವಿಮಲಾಳನ್ನು ಕೂಗಿದಳು, ವಿಮಲಾ ಅತ್ತಿಗೆಯನ್ನು ಕರೆದಳು, ಅತ್ತಿಗೆ ಶಾಮಲಾ ಒಳಗೆ ಬಂದು ಬಾಗಿಲು ಹಾಕಿಕೊಂಡು ಹೇಳಿದ ಮೊದಲ ಮಾತೇ, "ಅಮ್ಮನಿಗೆ ಗೊತ್ತಾಗಬಾರದು."

ಅಲಮೇಲಮ್ಮನವರಿಗೆ ಗೊತ್ತಾದರೆ ಆರತಿ, ಎಳ್ಳುಬೆಲ್ಲದ ಚಿಗಳಿ ಉಂಡೆ, ಬಿಲ್ಡಿಂಗಿನ ಹೆಂಗಸರ ಹಾಡು, ಮೈಸೂರಿನ ಮನೆಮನೆಗೂ ಸುದ್ದಿ. ಆಮೇಲೆ ತಿಂಗಳು ತಿಂಗಳೂ ಮೂರು ದಿನ ಗ್ಯಾಲರಿ ಬದಿಯ ಚಾಪೆ. ಆ ಚಾಪೆಯ ಮೇಲೆ ಈಗಾಗಲೇ ವಿಮಲಾ ಕೂರುತ್ತಿದ್ದಳು. ಆ ಮೂರು ದಿನ ಮನೆಯೇ ತಲೆಕೆಳಗಾಗುತ್ತಿತ್ತು. ವಿಮಾ ಕಚೇರಿಗೆ ಕೆಲಸಕ್ಕೆ ಹೋಗುವ ಶಾಮಲಾ ತನ್ನ ವಿಷಯವನ್ನು ಎಂದೂ ಹೇಳಿರಲಿಲ್ಲ, ಅತ್ತೆಯೂ ಕೇಳಿರಲಿಲ್ಲ. ಇನ್ನೊಬ್ಬರು ಚಾಪೆ ಹಿಡಿದರೆ ಮಿಕ್ಕವರು ಗೋಡೆ ಹತ್ತಿ ನಂಜುಂಡಯ್ಯನವರ ಪಕ್ಕದಲ್ಲಿ ಕೂರಬೇಕಾಗುತ್ತಿತ್ತು.

"ಆರತಿ-ಗೀರತಿ ಮಾಡಿದ್ರೆ ನಾನು ಸ್ಕೂಲಿಗೇ ಹೋಗಲ್ಲ, ಮಮ್ಮಿ. ಆಣೆಗೂ, ಕಸಮ್ ಸೇ," ಎಂದಳು ರೋಹಿಣಿ.

ವಿಮಲಾಳಿಗೆ ತನ್ನ ಆರತಿ ನೆನಪಿತ್ತು. ಮಣೆಯ ಮೇಲೆ ಕೂರಿಸಿ, ಮಡಿಲಲ್ಲಿ ಚಿಗಳಿ ಇಟ್ಟು, ಸ್ಟುಡಿಯೋದವನನ್ನು ಮನೆಗೇ ಕರೆಸಿ ಫೋಟೋ ತೆಗೆಸಿದ್ದರು. ಆ ಫೋಟೋದಲ್ಲಿ ಎಲ್ಲ ಹೆಂಗಸರ ಬಾಯಿಯೂ ಮುಚ್ಚಿತ್ತು, ಅವಳದೊಂದು ಬಿಟ್ಟು. ಅವಳು ಅಣ್ಣನ ಮಗಳ ಬಟ್ಟೆಗಳನ್ನು ಅಮ್ಮ ಮಲಗಿದ ಮಧ್ಯಾಹ್ನಗಳಲ್ಲಿ ಒಗೆದು, ದೊಡ್ಡ ಟವೆಲಿನ ಅಡಿಯಲ್ಲಿ ಒಣಗಿಸತೊಡಗಿದಳು.

ಡಾಕ್ಟರನ್ನು ಆರಿಸಿದವನು ಕೇಶವಮೂರ್ತಿ. "ಮಾಟುಂಗದಲ್ಲಿ ನಮ್ಮವರೇ ಇದ್ದಾರೆ, ಡಾಕ್ಟರ್ ಸದಾನಂದ. ಉಡುಪಿ ಕಡೆಯವರು. ಕನ್ನಡದಲ್ಲಿ ಎಲ್ಲ ಬಿಡಿಸಿ ಹೇಳಬಹುದು," ಎಂದು ಹೇಳಿ ತಾನು ಆಫೀಸಿಗೆ ಹೋದ. ತಾಯಿ ಮಗಳು ಹೊರಟರು. ಜೊತೆಗಿರಲಿ ಎಂದು ವಿಮಲಾ ಹೊರಟಳು. ಮೆಟ್ಟಿಲ ಹತ್ತಿರ ನೋಡಿದರೆ ಅಲಮೇಲಮ್ಮ ಚಪ್ಪಲಿ ಹಾಕಿಕೊಂಡು ನಿಂತಿದ್ದರು.

"ಹಲ್ಲು ಕಿತ್ತು ವಂಶದ ಮುಖ ಕೆಡಿಸಿಬಿಟ್ರೆ? ನಾನೂ ಬರ್ತೀನಿ."

ಡಾಕ್ಟರು ಒಳ್ಳೆಯವರು, ನಿಧಾನದ ಮನುಷ್ಯ. ರೋಹಿಣಿಯ ಮುಖದ ಪಕ್ಕದ ಎಕ್ಸ್‌ರೇ ತೆಗೆಸಿ, ಬೆಳಕಿಗೆ ಹಿಡಿದು, ಪೆನ್ಸಿಲಿನಿಂದ ತೋರಿಸುತ್ತ ಹೇಳಿದರು.

"ನೋಡಿ ಅಮ್ಮಾ, ಬಾಗಿಲಿನ ಕೀಲಿನ ಹತ್ರ ಒಂದು ಚಪ್ಪಲಿ ಸಿಕ್ಕಿಕೊಂಡ್ರೆ ಬಾಗಿಲು ಪೂರ್ತಿ ಹಾಕ್ಲಿಕ್ಕೆ ಆಗ್ತದಾ? ಇಲ್ಲ ಅಲ್ವಾ? ಇವಳ ಹಿಂದಿನ ದವಡೆಹಲ್ಲು ಹಾಗೆ. ಇಳೀತಾ ಉಂಟು. ಹಿಂದೆ ತಾಗ್ತದೆ, ಮುಂದೆ ತೆರೆದೇ ಇರ್ತದೆ. ಮುಖ ಮುಂದಕ್ಕೆ ಬೆಳೆಯುದು ಬಿಟ್ಟು ಕೆಳಗೆ ಕೆಳಗೆ ಬೆಳೀತಾ ಉಂಟು. ಮೂಗು ಕಟ್ಟಿ ಬಾಯಲ್ಲಿ ಉಸಿರಾಡುವ ಮಕ್ಕಳಲ್ಲಿ ಇದು ಜಾಸ್ತಿ."

"ಈ ಬೊಂಬಾಯಿ ಗಾಳಿ ಮೂಗಿನಲ್ಲಿ ಎಳ್ಕೊಳ್ಳೋ ಹಾಗಿದೆಯಾ?" ಎಂದರು ಅಲಮೇಲಮ್ಮ. "ಮತ್ತೆ ಅದು ನಮ್ಮ ವಂಶದ ಮುಖ, ಡಾಕ್ಟ್ರೇ. ಇವಳ ತಾತನದು ಹಾಗೇ ಇತ್ತು. ದಿವಾನರ ಕಳೆ."

"ಇರಬಹುದು ಅಮ್ಮಾ. ವಂಶವೂ ಒಂದು ಕಾರಣವೇ. ದಿವಾನರಿಗೂ ಈ ತೊಂದರೆ ಇದ್ದಿರಬಹುದು."

"ಹೀಗೇ ಬಿಟ್ರೆ ಏನಾಗುತ್ತೆ?" ಎಂದು ಕೇಳಿದಳು ಶಾಮಲಾ.

"ಬಿಟ್ರೆ..." ಎಂದು ಡಾಕ್ಟರು ಉದಾಹರಣೆಗಾಗಿ ಕಣ್ಣಾಡಿಸಿದರು. ಉದಾಹರಣೆ ಬಾಗಿಲ ಪಕ್ಕದ ಕುರ್ಚಿಯಲ್ಲೇ ಕೂತಿತ್ತು. ಅವರ ಕಣ್ಣು ವಿಮಲಾಳ ಮೇಲೆ ಒಂದು ಗಳಿಗೆ ನಿಂತು, ಗಾಬರಿಯಾಗಿ, ಗೋಡೆಯ ಕ್ಯಾಲೆಂಡರಿಗೆ ಹೋಯಿತು. ಕೋಣೆಯಲ್ಲಿದ್ದವರೆಲ್ಲ ಕ್ಯಾಲೆಂಡರನ್ನು ನೋಡಿದರು. ಅದರಲ್ಲಿ ವಿಶೇಷವೇನೂ ಇರಲಿಲ್ಲ.

ಆಮೇಲೆ ಡಾಕ್ಟರು ಒಂದು ಸಾಧನ ತೋರಿಸಿದರು. ತಲೆಯ ಮೇಲೆ ಪಟ್ಟಿ, ಪಟ್ಟಿಯಿಂದ ಕೆನ್ನೆಯ ಬದಿಯಲ್ಲಿ ಬಾಯೊಳಗೆ ಹೋಗುವ ದಪ್ಪ ತಂತಿ. ಹೆಡ್‌ಗೇರ್ ಎಂದರು. ಸಂಜೆಯಿಂದ ಬೆಳಗಿನವರೆಗೆ ಹಾಕಿಕೊಂಡರೆ ದವಡೆಹಲ್ಲುಗಳನ್ನು ಇಳಿಯದಂತೆ ಮೇಲಕ್ಕೆ ಹಿಡಿದಿಡುತ್ತದೆ. "ಆದ್ರೆ ಬೆಳೆಯುವ ವಯಸ್ಸಲ್ಲಿ ಮಾತ್ರ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗುದುಂಟಾ? ಆಮೇಲೆ ದವಡೆಯ ಮೂಳೆಯನ್ನೇ ಕೊಯ್ದು ಕೂರಿಸಬೇಕು. ಹುಡುಗಿಯರು ಬೇಗ ಬೆಳೀತಾರೆ, ಬೇಗ ನಿಲ್ಲಿಸ್ತಾರೆ. ಅದಕ್ಕೇ ಒಂದು ಕೇಳ್ತೇನೆ, ತಪ್ಪು ತಿಳೀಬೇಡಿ. ಮುಟ್ಟು ಶುರುವಾಗಿದೆಯಾ?"

ಫ್ಯಾನು ಕಟಕಟ ಎನ್ನುತ್ತಿತ್ತು. ಅಲಮೇಲಮ್ಮ ಸೆರಗು ಹೊದ್ದುಕೊಂಡು ಮೇಜಿನ ಮೇಲಿದ್ದ ಪ್ಲಾಸ್ಟರಿನ ಹಲ್ಲುಗಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು. ರೋಹಿಣಿ ಅಮ್ಮನ ಕೈ ಚಿವುಟಿದಳು.

"ಇಲ್ಲ," ಎಂದಳು ಶಾಮಲಾ. "ಇನ್ನೂ ಇಲ್ಲ."

ಡಾಕ್ಟರಿಗೆ ನೆಮ್ಮದಿಯಾಯಿತು. "ಹಾಗಾದ್ರೆ ಅರ್ಜೆಂಟ್ ಇಲ್ಲ. ಬೆಳವಣಿಗೆಯ ದೊಡ್ಡ ಪಾಲು ಮುಂದೆ ಉಂಟು. ಎರಡು ಹಾಲುಹಲ್ಲೂ ಬೀಳ್ಬೇಕು. ಮೊದ್ಲು ಮೂಗಿನ ಡಾಕ್ಟ್ರಿಗೆ ತೋರಿಸಿ. ಇದನ್ನು ಮುಂದಿನ ವರ್ಷ ನೋಡುವ. ಅದು ಶುರುವಾದ್ರೆ ಮಾತ್ರ ಒಂದು ದಿನವೂ ಕಾಯ್ಬೇಡಿ, ಓಡಿ ಬನ್ನಿ."

ವಾಪಸು ಬರುವಾಗ ಲೋಕಲಿನಲ್ಲಿ ಅಲಮೇಲಮ್ಮನಿಗೆ ಕಿಟಕಿ ಸಿಕ್ಕಿತು. ಅವರು ಕೂತವರೇ ಕಣ್ಣು ಮುಚ್ಚಿದರು. ವಿಮಲಾ ಅತ್ತಿಗೆಯ ಕಿವಿಯ ಹತ್ತಿರ ಬಂದು, "ಅತ್ತಿಗೆ, ಡಾಕ್ಟ್ರಿಗೆ ಹೇಳ್ಬೇಕಿತ್ತು..." ಎಂದಳು.

"ಶ್!" ಶಾಮಲಾ ಕಣ್ಣಿನಲ್ಲೇ ಅತ್ತೆಯನ್ನು ತೋರಿಸಿದಳು. "ಹೇಗೆ ಹೇಳಲೇ? ಗುಜರಾತಿ ಡಾಕ್ಟ್ರಾಗಿದ್ರೆ ಇಂಗ್ಲಿಷಿನಲ್ಲಿ ಒಂದು ಮಾತು ಹೇಳಿ ಮುಗಿಸ್ತಿದ್ದೆ. ನಿಮ್ಮಣ್ಣನಿಗೆ ಕನ್ನಡದವರೇ ಬೇಕು! ನಾಳೆ ಫೋನ್ ಮಾಡ್ತೀನಿ ಬಿಡು."

ಫೋನ್ ಇದ್ದದ್ದು ಕೆಳಗಿನ ವಾರಿಜಕ್ಕನ ಮನೆಯಲ್ಲಿ. ವಾರಿಜಕ್ಕನ ಗಂಡನಿಗೆ ಸ್ಟೇಶನ್ ಹತ್ತಿರ ಹೋಟೆಲು; ಫೋನು ಮುಂದಿನ ಕೋಣೆಯ ನಡುವೆ, ಕಸೂತಿ ಬಟ್ಟೆಯ ಮೇಲೆ, ಬಿಲ್ಡಿಂಗಿನ ಅರ್ಧ ಜನ ಕೂರುವ ಕಡೆ. ಆಫೀಸಿನ ಫೋನು ಮ್ಯಾನೇಜರ ಮೇಜಿನ ಮೇಲೆ. ಡಾಕ್ಟರ ಹೆಂಡತಿ ಶನಿವಾರದ ಭಜನೆಯಲ್ಲಿ ಶಾಮಲಾಳ ಪಕ್ಕದಲ್ಲೇ ಕೂರುವವಳು. ಸುಳ್ಳು ಹೇಳಿದ್ದೆ ಅಂತ ಆ ಮನೆಗೆ ಹೇಗೆ ಹೇಳುವುದು? ಒಂದು ತಿಂಗಳು ಬಿಟ್ಟು, "ಈಗ ಶುರುವಾಯ್ತು" ಎನ್ನಬಹುದಿತ್ತು. ಆದರೆ ಮುಂದಿನ ವರ್ಷದ ಚಿಕಿತ್ಸೆ ಇದ್ದಕ್ಕಿದ್ದಂತೆ ಈ ವರ್ಷಕ್ಕೆ ಬಂದರೆ ಯಾಕೆ ಎಂದು ಅತ್ತೆ ಕೇಳುತ್ತಾರೆ. ಯಾವ ಉಪಾಯ ಹಿಡಿದು ಹೊರಟರೂ ಕೊನೆಗೆ ಅಲಮೇಲಮ್ಮ ಕೂತಿರುತ್ತಿದ್ದರು.

ಹೀಗೆ ಮಳೆಗಾಲ ಹೋಯಿತು. ಮೂಗಿನ ಡಾಕ್ಟರು ಔಷಧಿ ಕೊಟ್ಟರು, ಮೂಗು ಸ್ವಲ್ಪ ಬಿಟ್ಟುಕೊಂಡಿತು. ವಿಮಲಾ ರೋಹಿಣಿಯ ಸ್ಕೂಲಿನ ಲಂಗದ ಅಂಚು ಬಿಚ್ಚಿ ಉದ್ದ ಮಾಡಿದಳು. ದಸರಾ ಹೊತ್ತಿಗೆ ಬಿಚ್ಚಲು ಅಂಚೇ ಉಳಿದಿರಲಿಲ್ಲ. ಬೆಳವಣಿಗೆಯ ದೊಡ್ಡ ಪಾಲು ಯಾರನ್ನೂ ಕೇಳದೆ ಖರ್ಚಾಗುತ್ತಿತ್ತು.

ಒಂದು ಬೆಳಿಗ್ಗೆ ವಿಮಲಾ ಜಡೆ ಹಾಕುತ್ತಿದ್ದಾಗ ರೋಹಿಣಿ ಕನ್ನಡಿಯಲ್ಲಿ ಎರಡೂ ಮುಖಗಳನ್ನು ನೋಡಿದಳು. ಮೇಲೊಂದು, ಕೆಳಗೊಂದು.

"ಅತ್ತೆ, ನಾನು ನಿನ್ನ ಥರ ಆಗ್ತೀನಾ?"

ಕೇಳಿದ ಮೇಲೆ ಏನು ಕೇಳಿದೆ ಎಂದು ಗೊತ್ತಾಗಿ, ತಿರುಗಿ ಅತ್ತೆಯ ಸೊಂಟ ತಬ್ಬಿಕೊಂಡಳು. "ಸಾರಿ, ಸಾರಿ. ಹಾಗಲ್ಲ ಅತ್ತೆ."

"ಆಗಲ್ಲ," ಎಂದಳು ವಿಮಲಾ. "ನೇರವಾಗಿ ನಿಲ್ಲು, ಬೈತಲೆ ಸೊಟ್ಟಗಾಗುತ್ತೆ."

ದೀಪಾವಳಿಗೆ ಮುಂಚೆ ಅವಳು ಕಾಫಿಪುಡಿ ತರುತ್ತೇನೆಂದು ಹೇಳಿ ಒಬ್ಬಳೇ ಮಾಟುಂಗಕ್ಕೆ ಹೋದಳು. ಕಾಫಿಪುಡಿ ಕೊಂಡಳು. ಆಮೇಲೆ ಡಾಕ್ಟರ ಕ್ಲಿನಿಕ್ಕಿನ ಮೆಟ್ಟಿಲು ಹತ್ತಿ ಬೆಂಚಿನ ಮೇಲೆ ಕೂತಳು. ಹೇಳಬೇಕಾದ ಮಾತುಗಳನ್ನು ರೈಲಿನುದ್ದಕ್ಕೂ ಜೋಡಿಸಿಕೊಂಡು ಬಂದಿದ್ದಳು. ಬೆಂಚಿನ ಮೇಲೆ ಕೂತದ್ದೇ ಒಂದೊಂದಾಗಿ ಉದುರತೊಡಗಿದವು. ಕಾಯುವ ಕೋಣೆಗೆಲ್ಲ ಕಾಫಿಯ ವಾಸನೆ ಹಬ್ಬಿತು.

ಒಳಗೆ ಕರೆದಾಗ ಡಾಕ್ಟರು ಅವಳನ್ನು ನೋಡಿ ಎದ್ದೇ ನಿಂತರು. "ಬನ್ನಿ, ಬನ್ನಿ. ನೀವು ಬರ್ತೀರಿ ಅಂತ ಅವತ್ತೇ ಅಂದ್ಕೊಂಡಿದ್ದೆ. ಸಂಕೋಚ ಎಂತಕ್ಕೆ? ಕೂತ್ಕೊಳ್ಳಿ."

ಕುರ್ಚಿ ಹಿಂದಕ್ಕೆ ಬಾಗಿತು. ವಿಮಲಾ "ನಾನು..." ಎನ್ನಲು ಬಾಯಿ ತೆರೆದಳು. ತೆರೆದ ಬಾಯೊಳಗೆ ಡಾಕ್ಟರು ಕನ್ನಡಿ ಇಟ್ಟರು. ಹುಟ್ಟಿದಾಗಿನಿಂದ ಬಾಯಿ ಮುಚ್ಚು ಎಂದು ಹೇಳಿಸಿಕೊಂಡವಳು ಒಮ್ಮೆ ಮಾತಾಡಲೆಂದೇ ರೈಲು ಹತ್ತಿ ಬಂದರೆ ಹೀಗಾಯಿತು.

"ಊಟ ಮಾಡುವಾಗ ಕಷ್ಟ ಉಂಟಾ?"

"ಆ... ಆ..."

"ಉಂಟಲ್ವಾ? ಇರ್ಲೇಬೇಕು. ದವಡೆ ನೋಯ್ತದಾ? ಹ್ಞಾಂ, ಗೊತ್ತಾಯ್ತು."

ಕನ್ನಡಿ ಹೊರಗೆ ತೆಗೆದು, ಕೈ ತೊಳೆದು, ಅವರು ಮರುಕದ ದನಿಯಲ್ಲಿ ಹೇಳಿದರು. "ನಿಮ್ಮ ಬೆಳವಣಿಗೆ ಮುಗಿದಿದೆ ಅಮ್ಮಾ. ಸುಳ್ಳು ಆಸೆ ಹುಟ್ಟಿಸುದಿಲ್ಲ. ಆಪರೇಷನ್ ಮಾಡುವವರು ದೊಡ್ಡ ಆಸ್ಪತ್ರೆಯಲ್ಲಿ ಇದ್ದಾರೆ, ಬೇಕಾದ್ರೆ ಹೇಳ್ತೇನೆ. ನಿಮಗೆ ಮುಟ್ಟು ಶುರುವಾದದ್ದು ಎಷ್ಟನೇ ವರ್ಷಕ್ಕೆ?"

"ಹನ್ನೆರಡಕ್ಕೆ."

"ನೋಡಿ. ಆಗ ಯಾರಾದ್ರೂ ಡಾಕ್ಟ್ರ ಹತ್ರ ಕರ್ಕೊಂಡು ಬಂದಿದ್ರೆ..."

"ಆಗ ಆರತಿ ಮಾಡಿದ್ರು," ಎಂದಳು ವಿಮಲಾ.

ಒಂದು ಸಲ ಆ ಮಾತು ಕೋಣೆಯೊಳಗೆ ಬಂದು ಕೂತ ಮೇಲೆ ಇನ್ನೊಂದು ಕಷ್ಟವಾಗಲಿಲ್ಲ. ಅವಳು ಕಾಫಿಪುಡಿಯ ಪೊಟ್ಟಣವನ್ನು ನೋಡುತ್ತ ಹೇಳಿದಳು. "ರೋಹಿಣಿಗೂ ಹನ್ನೆರಡಕ್ಕೇ ಆಯ್ತು. ಮೇ ತಿಂಗಳಲ್ಲೇ."

"ಮೇಯಲ್ಲಾ? ನೀವೆಲ್ಲ ಬಂದದ್ದು ಜುಲೈಯಲ್ಲಿ ಅಲ್ವಾ? ಅವತ್ತು ಇಲ್ಲ ಅಂದ್ರಲ್ಲ?"

"ಅಮ್ಮ ಇದ್ದರು."

ಡಾಕ್ಟರಿಗೆ ಅಷ್ಟು ಸಾಕಾಯಿತು. ಅವರಿಗೂ ಉಡುಪಿಯಲ್ಲಿ ಒಬ್ಬರು ತಾಯಿ ಇದ್ದರು. ಹಣೆ ಉಜ್ಜಿಕೊಂಡು, "ತಪ್ಪು ನನ್ನದೇ ಮಾರಾಯ್ರೆ," ಎಂದರು. "ಅಜ್ಜಿಯನ್ನು ಹೊರಗೆ ಕೂರಿಸಿ ಕೇಳ್ಬೇಕಿತ್ತು. ಅವಳಿಗೆ ಈಗಲೇ ಶುರುಮಾಡ್ಬೇಕು."

"ನಾನು ಹೇಳಿದ್ದು ಅಂತ..."

"ಹೇಳುದಿಲ್ಲ. ಮೂಳೆಯ ಕೈಲಿ ಹೇಳಿಸುವ."

ಮರುದಿನ ವಾರಿಜಕ್ಕ ಕೆಳಗಿನ ಮಹಡಿಯಿಂದ ಇಡೀ ಬಿಲ್ಡಿಂಗಿಗೆ ಕೇಳುವಂತೆ ಕೂಗಿದಳು. "ಶಾಮಲಕ್ಕಾ! ಹಲ್ಲಿನ ಡಾಕ್ಟ್ರ ಫೋನು! ನಿಮ್ಮ ಹುಡುಗಿಯ ಕೈ ನೋಡ್ಬೇಕಂತೆ!"

"ಕೈ ನೋಡೋಕೆ ಜೋಯಿಸರಿದ್ದಾರೆ, ಹಲ್ಲಿನವರು ಯಾಕೆ?" ಎಂದು ಅಲಮೇಲಮ್ಮ ಈ ಸಲವೂ ಚಪ್ಪಲಿ ಹಾಕಿಕೊಂಡರು.

ರೋಹಿಣಿಯ ಅಂಗೈಯ ಎಕ್ಸ್‌ರೇ ತೆಗೆದರು. ಡಾಕ್ಟರು ಅದನ್ನು ಬೆಳಕಿಗೆ ಹಿಡಿದು, ಯಾರ ಮುಖವನ್ನೂ ನೋಡದೆ ಹೇಳಿದರು. "ಮೂಗು ಬಿಟ್ಟುಕೊಂಡಿದೆ ಅಂದ್ರಿ, ಒಳ್ಳೇದಾಯ್ತು. ಇಲ್ಲಿ ನೋಡಿ. ಬೆರಳಿನ ಈ ಎಳೆ ಮೂಳೆಗಳು ಆಗಲೇ ಕೂಡಿಕೊಳ್ತಾ ಉಂಟು. ಹುಡುಗಿಯ ಮೂಳೆ ನಾವು ಅಂದ್ಕೊಂಡದ್ದಕ್ಕಿಂತ ಮುಂದೆ ಹೋಗಿದೆ. ಇನ್ನು ಕಾಯುವ ಹಾಗಿಲ್ಲ. ಈ ವಾರವೇ ಹೆಡ್‌ಗೇರ್."

ಶಾಮಲಾ ಎಕ್ಸ್‌ರೇಯನ್ನು ದೇವರ ಪಟದಂತೆ ನೋಡಿದಳು. ವಿಮಲಾ ನೆಲ ನೋಡಿದಳು.

"ಮೂಳೆಯಲ್ಲಿ ಅದೆಲ್ಲ ಕಾಣುತ್ತಾ?" ಎಂದರು ಅಲಮೇಲಮ್ಮ.

"ಸುಮಾರಾಗಿ ಕಾಣ್ತದೆ ಅಮ್ಮಾ."

"ಸದ್ಯ. ಯಾರೋ ಒಬ್ಬರು ಬಾಯಿ ಬಿಟ್ಟರಲ್ಲ."

ಸ್ಟೇಶನ್ನಿಗೆ ಬರುವ ದಾರಿಯಲ್ಲಿ ಅವರು ದಿನಸಿ ಅಂಗಡಿಯ ಮುಂದೆ ನಿಂತರು. ಕರಿ ಎಳ್ಳು ಕೊಂಡರು. ಬೆಲ್ಲ ಕೊಂಡರು.

"ಎಳ್ಳು ಯಾಕಮ್ಮಾ? ಸಂಕ್ರಾಂತಿ ಇನ್ನೂ ದೂರ ಇದೆ," ಎಂದಳು ಶಾಮಲಾ.

"ಚಿಗಳಿಗೆ. ಮೇ ತಿಂಗಳಲ್ಲೇ ಮಾಡಬೇಕಿತ್ತು."

ಫುಟ್‌ಪಾತಿನಲ್ಲಿ ಹಿಂದೆ ಬರುತ್ತಿದ್ದವರು ಬೈದುಕೊಂಡು ಬಳಸಿ ಹೋದರು. ಶಾಮಲಾ ಅಲುಗಾಡಲಿಲ್ಲ.

"ನಿಮಗೆ... ಗೊತ್ತಿತ್ತಾ?"

"ಒಂದು ರೂಮಿನ ಮನೆಯಲ್ಲಿ ಗೊತ್ತಾಗದೆ ಇರಬೇಕಾದ್ರೆ ಕಣ್ಣಿರಬಾರದು, ಕಿವಿ ಇರಬಾರದು. ಟವೆಲಿನ ಅಡಿ ಏನು ಒಣಗುತ್ತೆ ಅಂತ ನನಗೆ ತಿಳಿಯಲ್ವಾ? ಆದರೆ ನನಗೆ ಗೊತ್ತು ಅಂತ ನಿಮಗೆ ಗೊತ್ತಾದ್ರೆ ನಾನು ಚಾಪೆ ಹಾಸಬೇಕು. ಮಗುವನ್ನ ಎಲ್ಲಿ ಕೂರಿಸಲಿ, ಗ್ಯಾಸ್ ಸಿಲಿಂಡರಿನ ಮೇಲಾ? ಅದಕ್ಕೇ ಗೊತ್ತಿಲ್ಲದ ಹಾಗೆ ಇದ್ದುಬಿಟ್ಟೆ."

"ಮತ್ತೆ ಅವತ್ತು ಡಾಕ್ಟ್ರ ಮುಂದೆ ಯಾಕೆ ಸುಮ್ಮನಿದ್ರಿ?"

"ನೀನು ಇಲ್ಲ ಅಂದೆಯಲ್ಲ! ಪರಗಂಡಸಿನ ಎದುರು ನನ್ನ ಸೊಸೆ ಸುಳ್ಳು ಹೇಳ್ತಾಳೆ ಅಂತ ನಾನು ಹೇಳಲಾ? ಚೆನ್ನಾಗಿರುತ್ತೆ!"

ಮನೆಗೆ ಬಂದ ಮೇಲೆ ತಿಳಿಯಿತು, ಕೇಶವಮೂರ್ತಿಗೂ ಗೊತ್ತಿತ್ತು. ವಾರಿಜಕ್ಕನಿಗೂ ಗೊತ್ತಿತ್ತು. ಒಬ್ಬರ ಮರ್ಯಾದೆಗೆ ಒಬ್ಬರು ಆರು ತಿಂಗಳು ಬಾಯಿ ಮುಚ್ಚಿಕೊಂಡಿದ್ದರು. ಗೊತ್ತಿಲ್ಲದೆ ಇದ್ದವರು ಒಬ್ಬರೇ, ಮಾಟುಂಗದ ಡಾಕ್ಟರು, ಗೊತ್ತಿರಬೇಕಾಗಿದ್ದವರೂ ಅವರೊಬ್ಬರೇ.

ಅಲಮೇಲಮ್ಮ ಆರತಿಯಿಲ್ಲದೆ, ಹಾಡಿಲ್ಲದೆ, ಬಾಗಿಲು ಹಾಕಿಕೊಂಡು ಚಿಗಳಿ ಕುಟ್ಟಿದರು. ಅಷ್ಟರಲ್ಲಿ ರೋಹಿಣಿಯ ದವಡೆಹಲ್ಲಿಗೆ ತಂತಿ ಸಿಕ್ಕಿಸುವ ಲೋಹದ ಬಳೆ ಕೂರಿಸಿ ಆಗಿತ್ತು. ಅಂಟುವ ಪದಾರ್ಥ ಯಾವುದನ್ನೂ ತಿನ್ನಬಾರದೆಂದು ಡಾಕ್ಟರು ಹೇಳಿದ್ದರು. ಎಳ್ಳು-ಬೆಲ್ಲ ಅಂತೂ ಬೇಡವೇ ಬೇಡ. "ನೀನಾದರೂ ತಿನ್ನು," ಎಂದು ಅವರು ಉಂಡೆಗಳನ್ನೆಲ್ಲ ವಿಮಲಾಳ ಕೈಗೆ ಹಾಕಿದರು.

ಸಂಕ್ರಾಂತಿ ಕಳೆದ ಮೇಲೆ ಬೊರಿವಲಿಯಿಂದ ಗಂಡಿನ ಕಡೆಯವರು ಬರುತ್ತೇವೆಂದರು. ಹುಡುಗ ಬ್ಯಾಂಕಿನಲ್ಲಿ, ಮನೆಯಲ್ಲಿ ಕಿಟ್ಟು ಎನ್ನುತ್ತಾರಂತೆ. ಬರುವುದು ಸಂಜೆ. ಸಂಜೆಯೆಂದರೆ ರೋಹಿಣಿಯ ತಲೆಯ ಮೇಲೆ ಪಟ್ಟಿ, ಕೆನ್ನೆಯ ಬದಿಗೆ ತಂತಿ.

"ಒಂದು ಗಂಟೆ ತೆಗೆದಿಡಮ್ಮಾ," ಎಂದರು ಅಲಮೇಲಮ್ಮ. "ಬಂದವರು ಏನೋ ರೋಗ ಅಂದ್ಕೋತಾರೆ. ನಿಮ್ಮತ್ತೆಯ ಮದುವೆಯ ವಿಷಯ."

ರೋಹಿಣಿಯ ಕೈ ಕೊಕ್ಕೆಗೆ ಹೋಯಿತು. ಈ ಕೆಲಸಕ್ಕೆ ಅವಳಿಗೆ ಎರಡು ಸಲ ಹೇಳಬೇಕಾಗಿರಲಿಲ್ಲ.

"ತೆಗೀಬೇಡ," ಎಂಬ ದನಿ ಕೇಳಿತು. ಎಲ್ಲರೂ ತಿರುಗಿ ನೋಡಿದರು. ಒಲೆಯ ಮುಂದೆ ವಿಮಲಾ ಬಿಟ್ಟು ಬೇರೆ ಯಾರೂ ಇರಲಿಲ್ಲ. "ಆಗಲೇ ಆರು ತಿಂಗಳು ಹೋಗಿದೆ. ಇನ್ನು ಒಂದು ಗಂಟೆನೂ ಬೇಡ. ರೋಹು, ಕೈ ಕೆಳಗಿಡು."

ಬೊರಿವಲಿಯವರು ಬಂದರು. ಕಿಟ್ಟು ನಂಜುಂಡಯ್ಯನವರ ಫೋಟೋದ ಕೆಳಗೆ ಕೂತ. ಅವನ ತಾಯಿ ಉಪ್ಪಿಟ್ಟಿನ ಮೊದಲ ತುತ್ತು ತಿನ್ನುತ್ತಲೇ, "ಅಯ್ಯೋ, ಮಗುವಿಗೆ ಏನಾಯ್ತು? ಆಕ್ಸಿಡೆಂಟಾ?" ಎಂದರು.

ಮನೆಯವರೆಲ್ಲ ಒಂದು ಒಳ್ಳೆಯ ಸುಳ್ಳಿಗಾಗಿ ಹುಡುಕಿದರು. ಆ ಮನೆಯಲ್ಲಿ ಅದಕ್ಕೆ ಬರ ಇರಲಿಲ್ಲ. ಶಾಮಲಾಳಿಗೆ ಮೊದಲು ಸಿಕ್ಕಿತು: "ಏನಿಲ್ಲ, ಸ್ವಲ್ಪ ಕತ್ತು ಉಳುಕಿ..."

"ಮುಖ ಉದ್ದಕ್ಕೆ ಬೆಳೀಬಾರದು ಅಂತ ಹಾಕಿರೋದು," ಎಂದಳು ವಿಮಲಾ, ಕೈಯಲ್ಲಿ ಕಾಫಿ ತಟ್ಟೆ ಹಿಡಿದುಕೊಂಡೇ. "ಬೆಳೆಯೋ ವಯಸ್ಸಲ್ಲಿ ಹಾಕದೆ ಹೋದರೆ ನನ್ನ ಹಾಗಾಗುತ್ತೆ."

ಕೇಶವಮೂರ್ತಿ ಕಣ್ಣು ಮುಚ್ಚಿಕೊಂಡ. ಕಿಟ್ಟುವಿನ ತಾಯಿ ವಿಮಲಾಳನ್ನು ನೋಡಿದರು, ಗೋಡೆಯ ಮೇಲಿನ ಫೋಟೋ ನೋಡಿದರು, ಆಮೇಲೆ ರೋಹಿಣಿಯನ್ನು. ಚಮಚ ತಟ್ಟೆಯಲ್ಲಿಟ್ಟರು.

"ಹಾಕಿದ್ರೆ ಸರಿಹೋಗುತ್ತಾ?"

"ಪೂರ್ತಿ ಅಲ್ಲ. ಇನ್ನೂ ಕೆಡದ ಹಾಗೆ ತಡೆಯುತ್ತೆ. ಬೇಗ ಶುರುಮಾಡಿದಷ್ಟೂ ಒಳ್ಳೇದು."

"ಅದು ಹೇಗೆ?"

ವಿಮಲಾ ಹೇಳಿದಳು. ಬಾಗಿಲ ಕೀಲಿಗೆ ಸಿಕ್ಕಿಕೊಂಡ ಚಪ್ಪಲಿಯನ್ನು ಹೇಳಿದಳು, ಗಿಡ ಮರದ ವಿಷಯ ಹೇಳಿದಳು, ಮೂಗಿನ ವಿಷಯವನ್ನೂ ಹೇಳಿದಳು. ಹೆಣ್ಣು ನೋಡುವ ಶಾಸ್ತ್ರದಲ್ಲಿ ಹೆಣ್ಣು ಇಷ್ಟು ಮಾತಾಡಿದ್ದನ್ನು ಅಲಮೇಲಮ್ಮ ತಮ್ಮ ಆಯುಸ್ಸಿನಲ್ಲಿ ಕಂಡಿರಲಿಲ್ಲ. ಕಿಟ್ಟು ಉಪ್ಪಿಟ್ಟು ಎರಡನೇ ಸಲ ಹಾಕಿಸಿಕೊಂಡ. ಹೋಗುವಾಗ ಅವನ ತಾಯಿ, "ಕಾಗದ ಬರೀತೀವಿ," ಎಂದರು.

ಆಶ್ಚರ್ಯವೆಂದರೆ ಬರೆದರು. ವಾರದೊಳಗೆ ಇನ್‌ಲ್ಯಾಂಡ್ ಲೆಟರು ಬಂತು. ಕೇಶವಮೂರ್ತಿ ಒಡೆದು ಗಟ್ಟಿಯಾಗಿ ಓದಿದ. ಎಲ್ಲರೂ ಕ್ಷೇಮ. ಉಪ್ಪಿಟ್ಟು ಚೆನ್ನಾಗಿತ್ತು. ಕಿಟ್ಟುವಿನ ಅಕ್ಕನ ಮಗನಿಗೆ ಹನ್ನೊಂದು ವರ್ಷ, ಸದಾ ಬಾಯಿ ತೆರೆದುಕೊಂಡೇ ಇರುತ್ತಾನೆ. ದಯವಿಟ್ಟು ಆ ಹಲ್ಲಿನ ಡಾಕ್ಟರ ವಿಳಾಸ ತಿಳಿಸಬೇಕು. ಕಾಗದದ ಮೂರು ಮಡಿಕೆಗಳನ್ನೂ ತಿರುಗಿಸಿ ನೋಡಿದರೂ ವಿಮಲಾಳ ವಿಷಯ ಒಂದಕ್ಷರ ಇರಲಿಲ್ಲ.

"ಕೊಡಬೇಡ ಇವರಿಗೆ ವಿಳಾಸ!" ಎಂದು ಕೇಶವಮೂರ್ತಿ ಕಾಗದ ಬಿಸಾಡಿದ.

ವಿಮಲಾ ಅದನ್ನು ಎತ್ತಿಕೊಂಡು ಹೋಗಿ ಅಡುಗೆಮನೆಯಲ್ಲಿ ಕೂತು ಉತ್ತರ ಬರೆದಳು. ವಿಳಾಸ ಬರೆದ ಮೇಲೆ, ಅಜ್ಜಿಯನ್ನು ಜೊತೆಗೆ ಕರೆದುಕೊಂಡು ಹೋಗಬೇಡಿ ಎಂದು ಬರೆಯಬೇಕೆನಿಸಿತು. ಹುಡುಗ ತಾನೆ, ಅಜ್ಜಿ ಬಂದರೂ ತೊಂದರೆಯಿಲ್ಲ ಎಂದುಕೊಂಡು ಬಿಟ್ಟಳು.

ರೋಹಿಣಿ ಎರಡು ವರ್ಷ ಹೆಡ್‌ಗೇರ್ ಹಾಕಿಕೊಂಡಳು. ಅತ್ತಳು, ಮುಚ್ಚಿಟ್ಟಳು, ಒಮ್ಮೆ ಗ್ಯಾಲರಿಯಿಂದ ಕೆಳಕ್ಕೆ ಎಸೆದಳು; ವಾರಿಜಕ್ಕ ಅದನ್ನು ಹೋಟೆಲಿನ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಹಾಕಿ ವಾಪಸು ಕಳಿಸಿದಳು. ಪ್ರತಿ ಸಂಜೆ ಕೊಕ್ಕೆ ಹಾಕಿದವಳು ವಿಮಲಾ. ಕೊನೆಗೆ ತೆಗೆದ ದಿನ ಡಾಕ್ಟರು, "ಚೆನ್ನಾಗಿ ನಿಂತಿದೆ," ಎಂದರು. "ಪೂರ್ತಿ ಅಂತ ಹೇಳ್ಲಿಕ್ಕಿಲ್ಲ. ಆ ಆರು ತಿಂಗಳೂ ಸಿಕ್ಕಿದ್ರೆ ಇನ್ನೂ ಸ್ವಲ್ಪ..." ಎಂದವರು ಮಾತು ನಿಲ್ಲಿಸಿ ಕ್ಯಾಲೆಂಡರ್ ನೋಡಿದರು.

ಅವತ್ತು ಸಂಜೆ ವಿಮಲಾ ಮಲ್ಲಿಗೆ ಕಟ್ಟಿ ಮುಗಿಸಿ ಬ್ಲೇಡಿಗೆ ತಡಕಾಡುತ್ತಿದ್ದಳು. ರೋಹಿಣಿ ಬಗ್ಗಿ, ದಾರವನ್ನು ಮುಂದಿನ ಹಲ್ಲುಗಳ ನಡುವೆ ಇಟ್ಟು ಕಚ್ಚಿದಳು. ಒಂದೇ ಸಲಕ್ಕೆ ಆಗಲಿಲ್ಲ. ಮತ್ತೆ ಕಚ್ಚಿದಳು. ತುಂಡಾಯಿತು.

"ದೇಖಾ?" ಎಂದು ದಾರದ ತುದಿ ಎತ್ತಿ ಹಿಡಿದಳು.

ಅಲಮೇಲಮ್ಮ ಮೊಮ್ಮಗಳ ಮುಖವನ್ನು ಎರಡು ಕೈಯಲ್ಲಿ ಹಿಡಿದು, ಬೆಳಕಿಗೆ ತಿರುಗಿಸಿ, ಗೋಡೆಯ ಕಡೆ ನೋಡಿ, ನಿಟ್ಟುಸಿರು ಬಿಟ್ಟರು. "ಚೆನ್ನಾಗೇನೋ ಆಯ್ತು. ಆದರೆ ಅವರ ಮುಖ ಈ ಮನೆಯಲ್ಲಿ ಇನ್ನು ಯಾರಿಗೂ ಉಳಿಯಲಿಲ್ಲ ನೋಡು."

ವಿಮಲಾ ಹೂವಿನ ಮಾಲೆಯನ್ನು ಫೋಟೋಗೆ ಹಾಕಲು ಸ್ಟೂಲಿನ ಮೇಲೆ ಹತ್ತಿದ್ದಳು. ಪೇಟದ ಮೇಲೆ ಮಾಲೆ ಸರಿಮಾಡುತ್ತ, ತಿರುಗಿ ನೋಡದೆ ಹೇಳಿದಳು.

"ನನಗಿದೆಯಲ್ಲಮ್ಮಾ. ಒಬ್ಬರಿಗೆ ಇದ್ದರೆ ಸಾಕು."